ಇಪ್ಪತ್ತೆರಡು ನಿಮಿಷದ ಮೇಷ್ಟ್ರು

ಹನ್ನೊಂದು ವರ್ಷದಲ್ಲಿ ನಲವತ್ತಾರು ಸಂದರ್ಶನಗಳಿಗೆ ಹೋಗಿ ಬಂದವನು ನಾನು. ಅಷ್ಟು ವರ್ಷ ಮಾಡಿದರೆ ಯಾವ ಕೆಲಸವಾದರೂ ಕೈಹತ್ತುತ್ತದೆ. ಸಂದರ್ಶನಕ್ಕೆ ಹೋಗುವುದರಲ್ಲಿ ನನ್ನನ್ನು ಮೀರಿಸುವವರು ಭೂಗೋಳ ಓದಿದವರಲ್ಲಂತೂ ಇರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತಾಗಲೇ ಒಳಗೆ ಯಾರನ್ನು ಆರಿಸಿಯಾಗಿದೆ ಎಂದು ಹೇಳಬಲ್ಲವನಾಗಿದ್ದೆ: ಯಾರಿಗೆ ಕೇಳದೆಯೇ ನೀರು ತಂದುಕೊಡುತ್ತಾರೋ ಅವರನ್ನು. ಒಂದು ಕಡೆ ನನ್ನ ವಿದ್ಯೆ ಹೆಚ್ಚಾಯಿತು ಅಂದರು. ಇನ್ನೊಂದು ಕಡೆ ಅನುಭವ ಸಾಲದು ಅಂದರು. ಮತ್ತೊಂದು ಕಡೆ ನಾನು ಕುರ್ಚಿಯಲ್ಲಿ ಕೂತಿರುವಾಗಲೇ ಹುದ್ದೆ ರದ್ದಾದ ಕಾಗದ ಬಂತು. ಪಾಪ, ಅವರೇ ಅದನ್ನು ಓದಿ ಹೇಳಿ ಉಪ್ಪಿಟ್ಟು ಕೊಟ್ಟು ಕಳಿಸಿದರು. ಪ್ರತಿ ಸಲವೂ ನನ್ನ ಹೆಂಡತಿ ಸರ್ವಮಂಗಳ ಅದೇ ತಿಳಿನೀಲಿ ಅಂಗಿಗೆ ಇಸ್ತ್ರಿ ಹಾಕಿಕೊಡುತ್ತಿದ್ದಳು. ಅವಳು ಬಿ.ಎ. ಓದಿದವಳು; ಸಂಜೆ ಹೊತ್ತು ಮನೆಯ ಜಗಲಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳುತ್ತ ಸಂಸಾರ ತೂಗಿಸುತ್ತಿದ್ದಳು. ಅದನ್ನು ನಾವಿಬ್ಬರೂ ಕೆಲಸ ಎಂದು ಕರೆಯುತ್ತಿರಲಿಲ್ಲ. ಕೆಲಸ ಅಂದರೆ ನನಗೆ ಸಿಗಬೇಕಾದದ್ದು.

ನಲವತ್ತೇಳನೆಯ ಸಂದರ್ಶನ ಈ ಊರಿನ ಕಾಲೇಜಿನದು. ಹದಿನಾಲ್ಕು ಜನ ಬಂದಿದ್ದೆವು. ಒಬ್ಬೊಬ್ಬರೇ ಒಳಗೆ ಹೋಗಿ, ಗಂಟಲು ಸವರಿಕೊಳ್ಳುತ್ತ ಹೊರಗೆ ಬರುತ್ತಿದ್ದರು. ನನ್ನ ಸರದಿ ಬಂದಾಗ ಪ್ರಾಂಶುಪಾಲ ತಿಪ್ಪೇರುದ್ರಯ್ಯನವರು, ಬಿಳಿ ಮೀಸೆಯ ಸಮಾಧಾನದ ಮನುಷ್ಯ, "ಭೂಗೋಳಶಾಸ್ತ್ರ ಅಂದ್ರೆ ಏನ್ರೀ?" ಎಂದು ಕೇಳಿದರು. ಈ ಪ್ರಶ್ನೆಗೆ ನನ್ನ ಬಳಿ ನಾಲ್ಕು ಉತ್ತರಗಳಿದ್ದವು, ನಾಲ್ಕೂ ಬಾಯಿಪಾಠ. ಮೊದಲನೆಯದನ್ನು ಶುರು ಮಾಡಿದೆ. ತುಟಿ ಆಡಿತು, ಕೈ ಆಡಿತು, ದನಿ ಮಾತ್ರ ಬರಲಿಲ್ಲ. ಕೆಮ್ಮಿ, ನೀರು ಕುಡಿದು, ಎರಡನೆಯದನ್ನು ಹೇಳಿದೆ. ಅದೂ ಅಷ್ಟೇ. "ಬಸ್ಸಿನ ಧೂಳಿಗೆ ಗಂಟಲು ಕಟ್ಟಿದೆ ಸಾರ್" ಎಂದೆ, ಅದೂ ಕೇಳಿಸಲಿಲ್ಲ. ತಿಪ್ಪೇರುದ್ರಯ್ಯನವರಿಗೆ ಇದು ಆಶ್ಚರ್ಯವೆನಿಸಿದ ಹಾಗೆ ಕಾಣಲಿಲ್ಲ. "ಹೋಗ್ಲಿ ಬಿಡ್ರಿ, ನಿಮಗೆ ಏನು ಗೊತ್ತು ಅದನ್ನ ಹೇಳ್ರಿ" ಅಂದರು. ನನಗೆ ರೇಗಿತು. ಬೆಳಗಿನ ಜಾವದ ಯಾವ ಬಸ್ಸು ಹಿಡಿದರೆ ಯಾವ ಊರಿಗೆ ಎಷ್ಟು ಹೊತ್ತಿಗೆ ಸೇರುತ್ತೇವೆ, ಯಾವ ಘಾಟಿಯಲ್ಲಿ ಬಸ್ಸು ಯಾಕೆ ನಿಧಾನವಾಗುತ್ತದೆ, ಯಾವ ಹೊಳೆಯ ಸೇತುವೆ ಮಳೆಗಾಲದಲ್ಲಿ ಮುಳುಗಿ ಎಲ್ಲಿಂದ ಸುತ್ತಿಕೊಂಡು ಹೋಗಬೇಕು, ಅದೆಲ್ಲ ಗೊತ್ತು ಎಂದು ಹೇಳತೊಡಗಿದೆ. ಗಂಟೆ ಹೊಡೆದ ಹಾಗೆ ಕೇಳಿಸಿತು. ಏಳು ನಿಮಿಷ ಹೇಳಿದೆ. ಉಳಿದ ಹದಿಮೂರು ಜನರದ್ದು ಸೇರಿಸಿದರೂ ಒಂದು ನಿಮಿಷ ಆಗಿರಲಿಲ್ಲವಂತೆ. ಒಂದು ಅವಧಿಯ ಮಟ್ಟಿಗೆ, ಅಂದರೆ ದಸರಾ ರಜೆಯವರೆಗೆ, ಪರೀಕ್ಷಾರ್ಥವಾಗಿ ನನ್ನನ್ನು ತೆಗೆದುಕೊಂಡರು.

ದನಿ ನಿಲ್ಲುವ ವಿಷಯ ತಿಳಿಸಿದವರು ಕಾಲೇಜಿನ ಅಟೆಂಡರ್ ಗಂಗಮಾಳಮ್ಮ. ಬಾಡಿಗೆಗೆ ಸಿಕ್ಕ ಮನೆ ಅವರ ಪಕ್ಕದ್ದೇ. "ಗಂಟಲಿಗೇನೂ ಆಗಿಲ್ಲ ಸಾರ್, ಸುಮ್ನೆ ಮಾತ್ರೆ ತಿಂದು ನಾಲಿಗೆ ಸುಟ್ಕೋಬೇಡಿ. ಆಡೋರಿಗೇ ತಿಳಿಯದೆ ಇರೋ ಮಾತು ನಮ್ಮೂರಲ್ಲಿ ಕೇಳ್ಸಲ್ಲ, ಅಷ್ಟೇ" ಅಂದರು, ಇಲ್ಲಿ ಕೊತ್ತಂಬರಿ ಸಿಗುವುದಿಲ್ಲ ಎನ್ನುವಷ್ಟು ಸಲೀಸಾಗಿ. ಔಷಧಿ ಅಂಗಡಿಯವನು ಮಾತ್ರ ಹೊಸಬರಿಗೆಲ್ಲ ಗಂಟಲಿನ ಮಾತ್ರೆ ಮಾರುತ್ತಾನೆ. ಅವನಿಗೂ ಗೊತ್ತು, ವ್ಯಾಪಾರ ಬಿಡಲಾಗುವುದಿಲ್ಲ. ಇಲ್ಲಿ ಮದುವೆಗಳು ಬೇಗ ಮುಗಿಯುತ್ತವೆ, ಪುರೋಹಿತರಿಗೆ ಅರ್ಥ ಗೊತ್ತಿರುವುದು ಆರೇ ಮಂತ್ರ. ಚುನಾವಣೆಗೆ ಬಂದವರು ಮೈಕಿನ ಮುಂದೆ ಕೈ ಬೀಸಿ ಬೀಸಿ ಇಳಿದು ಹೋಗುತ್ತಾರೆ. ಜನ ಮರ್ಯಾದೆಗೆ ಚಪ್ಪಾಳೆ ತಟ್ಟುತ್ತಾರೆ. ಕ್ಷೌರದಂಗಡಿಯಲ್ಲಿ ಪೇಪರು ಓದುವಾತ ನಡುನಡುವೆ ಮೂಕನಾಗುತ್ತಾನೆ, ಮತ್ತೆ ದನಿ ಬರುವ ತನಕ ಕೇಳುವವರು ಕಾಯುತ್ತಾರೆ. ಹಾಗೆಂದು ಇದು ಸತ್ಯವಂತರ ಊರು ಎಂದು ತಿಳಿಯಬೇಡಿ. ಸುಳ್ಳು ಇಲ್ಲಿ ಚೆನ್ನಾಗಿಯೇ ಕೇಳಿಸುತ್ತದೆ, ಏಕೆಂದರೆ ಸುಳ್ಳು ಹೇಳುವವನಿಗೆ ತಾನು ಹೇಳುತ್ತಿರುವುದು ಏನೆಂದು ಗೊತ್ತಿರುತ್ತದೆ. ಕಷ್ಟವಾಗುವುದು ನಮ್ಮಂಥ ಓದಿದವರಿಗೆ.

ಸರ್ವಮಂಗಳಳಿಗೆ ಏನೂ ಕಷ್ಟವಾಗಲಿಲ್ಲ. ಬಂದ ದಿನವೇ ಹಾಲಿನವಳ ಜೊತೆ ಚೌಕಾಸಿ ಮಾಡಿದಳು, ನಲ್ಲಿ ನೀರಿನ ಸಮಯ ತಿಳಿದುಕೊಂಡಳು, ಗಂಗಮಾಳಮ್ಮನಿಗೆ ಉಪ್ಪಿನಕಾಯಿ ಕೆಡದ ಹಾಗೆ ಇಡುವುದು ಹೇಗೆಂದು ಅರ್ಧ ಗಂಟೆ ಹೇಳಿದಳು. ಒಂದೇ ಒಂದು ಸಲ ಅವಳ ದನಿ ನಿಂತಿತು: ನಿಮ್ಮ ಯಜಮಾನರು ಯಾವುದರ ಮೇಲೆ ಡಾಕ್ಟರೇಟ್ ಮಾಡಿದ್ದು ಎಂದು ಗಂಗಮಾಳಮ್ಮ ಕೇಳಿದಾಗ. ನನ್ನ ಪ್ರಬಂಧದ ಶೀರ್ಷಿಕೆಯಲ್ಲಿ ಹದಿನೇಳು ಪದಗಳು. ಅವಳು ಹದಿನೇಳನ್ನೂ ಹೇಳಿದಳು. 'ಒಂದು' ಎನ್ನುವುದಷ್ಟೇ ಕೇಳಿಸಿತು. ನಾನು ತಿದ್ದಲು ಹೋದೆ. ನನ್ನ ಬಾಯಲ್ಲೂ ಅಷ್ಟೇ ಬಂತು.

ಮೊದಲ ತರಗತಿಗೆ ಮೂವತ್ತು ಪುಟದ ಟಿಪ್ಪಣಿ ಬರೆದುಕೊಂಡು ಹೋಗಿದ್ದೆ. ಹತ್ತೊಂಬತ್ತು ಜನ ವಿದ್ಯಾರ್ಥಿಗಳು. ಎಲ್ಲರೂ ಎದ್ದು ನಮಸ್ಕಾರ ಹೇಳಿ ಪೆನ್ನು ಹಿಡಿದು ಕೂತರು. ಭೂರಚನೆಯ ಸಿದ್ಧಾಂತಗಳ ಬಗ್ಗೆ ನಲವತ್ತೈದು ನಿಮಿಷ ಉಪನ್ಯಾಸ ಕೊಟ್ಟೆ. ಕೇಳಿಸುತ್ತಿದ್ದದ್ದು ಫ್ಯಾನು. ಮಕ್ಕಳು ನಗಲಿಲ್ಲ, ಪಿಸುಗುಟ್ಟಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತ ಕಾದರು. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಗಂಟೆಯಾದ ಮೇಲೆ ಮುಂದಿನ ಬೆಂಚಿನ ರುಕ್ಸಾನಾ ಎಂಬ ಹುಡುಗಿಯ ಪುಸ್ತಕವನ್ನು ತೆಗೆದು ನೋಡಿದೆ. ಮೇಲೆ ತಾರೀಖು ಬರೆದು, ಕೆಂಪು ಗೆರೆ ಎಳೆದು, ಕೆಳಗೆ ಅಂದಿನ ಪಾಠವನ್ನು ಅಂದವಾಗಿ ಬರೆದುಕೊಂಡಿದ್ದಳು: "ನನ್ನ ಹೆಸರು ಹಾಲೇಶಪ್ಪ. ಆ ಕಿಟಕಿ ತೆಗೀರಿ."

ತಿಪ್ಪೇರುದ್ರಯ್ಯನವರು ಕಾಯಂ ಆಗುವ ಕ್ರಮವನ್ನು ವಿವರಿಸಿದರು. ಅವಧಿಯ ಕೊನೆಯಲ್ಲಿ ಆಡಳಿತ ಮಂಡಳಿಯ ಮುಂದೆ ಒಂದು ತರಗತಿ. ನಲವತ್ತೈದು ನಿಮಿಷದಲ್ಲಿ ಇಪ್ಪತ್ತೆರಡು ನಿಮಿಷವಾದರೂ ಪಾಠ ಕೇಳಿಸಬೇಕು. ದನಿ ಬಂದಾಗ ಒತ್ತಿ, ನಿಂತಾಗ ನಿಲ್ಲಿಸುವ ಸ್ಟಾಪ್‌ವಾಚು ಗಂಗಮಾಳಮ್ಮನ ಕೈಯಲ್ಲಿರುತ್ತದೆ. ಆಕೆ ಯಾರ ಮುಲಾಜಿಗೂ ಬಗ್ಗುವವರಲ್ಲ. "ನಿಮಗಿಂತ ಮುಂಚೆ ಇದ್ದೋರು ಹದಿನಾರು ನಿಮಿಷಕ್ಕೆ ನಿಂತ್ರು. ಈಗ ಸಿಟಿ ಕಡೆ ಪ್ರೊಫೆಸರ್ ಆಗವ್ರೆ, ಚೆನ್ನಾಗವ್ರೆ" ಎಂದು ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ನನಗೆ ನಲವತ್ತೆರಡು ವರ್ಷ. ಸರ್ವಮಂಗಳ ತನ್ನ ಜಗಲಿಯ ಮಕ್ಕಳನ್ನೆಲ್ಲ ಬೇರೆಯವರಿಗೆ ಒಪ್ಪಿಸಿ, ಮನೆ ಖಾಲಿ ಮಾಡಿಕೊಂಡು ನನ್ನ ಹಿಂದೆ ಬಂದಿದ್ದಳು. ಇದೂ ಕೈಬಿಟ್ಟರೆ ನಲವತ್ತೆಂಟನೆಯದಕ್ಕೆ ಹೋಗುವ ಶಕ್ತಿ ನನ್ನಲ್ಲಿರಲಿಲ್ಲ.

ಹಾಗಾಗಿ ನನ್ನ ವಿಷಯವನ್ನೇ ಮೊದಲಿನಿಂದ ಕಲಿಯಲು ಕೂತೆ. ಕಾಲೇಜಿನ ಅಂಗಳದಲ್ಲಿ ಕೋಲು ನೆಟ್ಟು ಮಧ್ಯಾಹ್ನದ ನೆರಳು ಅಳೆದೆ. ಒಂದು ವಾರದ ಮೇಲೆ ಎರಡು ನಿಮಿಷದ ಪಾಠ ಕೇಳಿಸಿತು. ಬಾವಿ ತೋಡುವವರ ಜೊತೆ ಮೂರು ದಿನ ಕೂತು ಕೆಮ್ಮಣ್ಣಿನ ಕೆಳಗೆ ಏನು, ಅದರ ಕೆಳಗೆ ಏನು ಎಂದು ನೋಡಿದೆ. ಇನ್ನೂ ನಾಲ್ಕು ನಿಮಿಷ. ಊರವರಿಗೆ ಇದು ಮಾಮೂಲು. ಬಿಸಿಲಲ್ಲಿ ಕೋಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ ಗಂಡಸನ್ನು ಕಂಡರೆ "ಹೊಸ ಮೇಷ್ಟ್ರಾ? ಎಷ್ಟಾಯ್ತು?" ಎಂದು ನಿಮಿಷ ಕೇಳಿ ಮುಂದೆ ಹೋಗುತ್ತಿದ್ದರು. ಕೊನೆಗೆ ಪರೀಕ್ಷೆಯ ಪಾಠಕ್ಕೆ ಹೊಳೆ ಯಾಕೆ ಡೊಂಕಾಗಿ ಹರಿಯುತ್ತದೆ ಎನ್ನುವುದನ್ನು ಆರಿಸಿಕೊಂಡೆ. ಊರ ಹೊರಗಿನ ಹಳ್ಳದ ತಿರುವಿನಲ್ಲಿ ಗೂಟ ನೆಟ್ಟು ನಾಲ್ಕು ವಾರ ಕಾದೆ. ತಿರುವಿನ ಹೊರಬದಿಯಲ್ಲಿ ನೀರು ಜೋರಾಗಿ ಓಡಿ ದಂಡೆ ಕೊರೆಯುತ್ತದೆ. ಒಳಬದಿಯಲ್ಲಿ ಸೋಮಾರಿಯಾಗಿ ಮರಳು ಬಿಟ್ಟುಹೋಗುತ್ತದೆ. ಹಾಗಾಗಿ ಡೊಂಕು ಇನ್ನಷ್ಟು ಡೊಂಕಾಗುತ್ತದೆ. ಹೊರಗಿನ ಗೂಟ ಕುಸಿದು ನೀರಿಗೆ ಬಿದ್ದ ದಿನ ನಾನು ಮಗುವಿನ ಹಾಗೆ ಕುಣಿದಿದ್ದೇನೆ. ಸರ್ವಮಂಗಳ ಊಟ ತಂದವಳು ನೀರಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತು, "ಇಷ್ಟು ವರ್ಷ ಇದನ್ನೇನಾ ಪರೀಕ್ಷೆಗೆ ಬರೀತಿದ್ದದ್ದು ನೀವು?" ಅಂದಳು. ಇದನ್ನೇ ಬರೆಯುತ್ತಿದ್ದೆ, ಮೊದಲ ದರ್ಜೆಯೂ ಬಂದಿತ್ತು.

ಪರೀಕ್ಷೆಯ ತರಗತಿಗೆ ಮೇಷ್ಟ್ರ ಮನೆಯಿಂದ ಒಬ್ಬರನ್ನು ಕರೆಯುವುದು ಇಲ್ಲಿಯ ಪದ್ಧತಿ. ಸರ್ವಮಂಗಳ ಹಸಿರು ಅಂಚಿನ ಸೀರೆ ಉಟ್ಟು ಕೊನೆಯ ಬೆಂಚಿನಲ್ಲಿ ಕೂತಳು. ಗೋಡೆಯ ಪಕ್ಕ ಮಂಡಳಿಯ ಐದು ಜನ, ಬಾಗಿಲಲ್ಲಿ ವಾಚು ಹಿಡಿದ ಗಂಗಮಾಳಮ್ಮ. ಪಾಠ ಶುರು ಮಾಡಿದೆ. ಏನು ಹೇಳಲಿ, ಅಂಥ ದನಿ ನನಗಿದೆ ಎಂದು ನನಗೇ ಗೊತ್ತಿರಲಿಲ್ಲ. ಗೂಟದ ಕಥೆ, ಮರಳಿನ ಕಥೆ, ಎಲ್ಲಿಯೂ ತಡೆಯಲಿಲ್ಲ. ನನ್ನ ದನಿಯನ್ನು ನಾನೇ ಕೇಳುತ್ತ ಮೈಮರೆತೆ. ಹತ್ತೊಂಬತ್ತನೆಯ ನಿಮಿಷದಲ್ಲಿ ರುಕ್ಸಾನಾ ಎದ್ದು ನಿಂತಳು.

"ಸಾರ್, ಡೊಂಕು ಹಿಂಗೇ ಜಾಸ್ತಿ ಆಗ್ತಾ ಹೋದ್ರೆ ಕೊನೆಗೆ ಏನಾಗುತ್ತೆ?"

ಇದಕ್ಕೆ ಪುಸ್ತಕದಲ್ಲಿ ಉತ್ತರವಿದೆ. ಕುದುರೆ ಲಾಳದ ಆಕಾರದ ಸರೋವರ ಎಂದು ಚಿತ್ರವನ್ನೂ ಕೊಟ್ಟಿರುತ್ತಾರೆ. ನಾನು ಅದನ್ನು ಎಷ್ಟೋ ಸಲ ಬರೆದಿದ್ದೇನೆ, ಆದರೆ ನೋಡಿರಲಿಲ್ಲ, ಯಾಕೆಂದು ಯೋಚಿಸಿಯೂ ಇರಲಿಲ್ಲ. ಬಾಯಿ ತೆರೆದೆ. ಫ್ಯಾನು ಕೇಳಿಸಿತು. ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಮತ್ತೆ ಬಾಯಿ ತೆರೆದೆ. ಬಾಗಿಲಲ್ಲಿ ಗಂಗಮಾಳಮ್ಮ ವಾಚು ನಿಲ್ಲಿಸಿ ಕೆಳಗೆ ನೋಡುತ್ತಿದ್ದರು. ಇನ್ನು ಮೂರು ನಿಮಿಷ ಬೇಕಿತ್ತು, ನನ್ನ ಬಳಿ ಮೂರು ಪದವೂ ಇರಲಿಲ್ಲ. ಬೆವರು ಕನ್ನಡಕದ ಮೇಲೆ ಇಳಿಯಿತು.

ಮಗು ಪ್ರಶ್ನೆ ಕೇಳಿ ಉತ್ತರ ಸಿಗದೆ ನಿಂತರೆ ಸರ್ವಮಂಗಳಳಿಗೆ ತಡೆಯಲಾಗುವುದಿಲ್ಲ, ಅದು ಅವಳ ಜಗಲಿಯ ಅಭ್ಯಾಸ. ಕೊನೆಯ ಬೆಂಚಿನಿಂದ ಕೂತಲ್ಲಿಂದಲೇ ಕೇಳಿದಳು: "ಸಂತೆ ಮೈದಾನ ಸುತ್ತಿಕೊಂಡು ಹೋಗೋ ಹಳೇ ರಸ್ತೆ ಇದೆಯಲ್ಲಮ್ಮ, ಅದರಲ್ಲಿ ಈಗ ಯಾರಾದ್ರೂ ಓಡಾಡ್ತಾರಾ?"

"ಇಲ್ಲ ಮೇಡಂ. ಎಲ್ಲಾ ಮೈದಾನದ ಒಳಗಿಂದಾನೇ ಹೋಗ್ತಾರೆ."

"ಗೋಡೆ ಇತ್ತಲ್ಲ?"

"ಬಿದ್ದೋಯ್ತು. ಆ ಕಡೆಯೋರು ದಿನಾ ಅಷ್ಟಷ್ಟು ಕಿತ್ತರು, ಈ ಕಡೆಯೋರೂ ಅಷ್ಟಷ್ಟು ಕಿತ್ತರು."

"ನೀರೂ ಹಾಗೇ ಮಾಡುತ್ತೆ. ಸಾರ್ ಹೇಳಿದ್ರಲ್ಲ, ಹೊರಬದಿ ಕೊರೆಯುತ್ತೆ ಅಂತ. ಈ ತಿರುವೂ ಕೊರೆಯುತ್ತೆ, ಆ ತಿರುವೂ ಕೊರೆಯುತ್ತೆ, ನಡುವೆ ನೆಲ ಎಷ್ಟು ಉಳಿಯುತ್ತೆ ನೀನೇ ಬರಿ ಬಾ."

ರುಕ್ಸಾನಾ ಬಂದು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡಳು. ಹಿಂದಿನಿಂದ ಒಬ್ಬ, ದೊಡ್ಡ ಮಳೆ ಬಂದರೆ ಅದು ಒಡೆಯುತ್ತೆ ಅಂದ. ಮತ್ತೊಬ್ಬಳು, ಒಡೆದ ಮೇಲೆ ನೀರು ನೆಟ್ಟಗೆ ಹೋಗುತ್ತೆ, ಸುತ್ತು ಯಾಕೆ ಹಾಕುತ್ತೆ ಅಂದಳು. ಹಾಗಾದ್ರೆ ಹಳೇ ರಸ್ತೆಯಲ್ಲಿ ಈಗ ಏನಿದೆ ಎಂದು ಸರ್ವಮಂಗಳ ಕೇಳಿದಳು. ಹುಲ್ಲು, ಕತ್ತೆ, ನಿಂತ ನೀರು ಎಂದು ನಾಲ್ಕು ಕಡೆಯಿಂದ ಕೂಗಿದರು. ಒಂದು ಅವಧಿ ಪೂರ್ತಿ ನಾನು ಈ ಮಕ್ಕಳಿಗೆ ಪಾಠ ಮಾಡಿದ್ದೆ. ಪಾಠದ ನಡುವೆ ಅವರ ದನಿ ಹೇಗಿರುತ್ತದೆ ಎಂದು ಆವತ್ತೇ ಕೇಳಿದ್ದು. ನಾನು ಕಿಟಕಿಗೆ ಒರಗಿ ನಿಂತು, ನನ್ನಷ್ಟಕ್ಕೆ "ಹೊಳೆ ಬಿಟ್ಟುಹೋದ ತಿರುವು ಹೊಂಡವಾಗಿ ಉಳಿಯುತ್ತೆ" ಎಂದು ಹೇಳಿಕೊಂಡೆ. ಸಣ್ಣಗೆ ಕೇಳಿಸಿತು. ಗಂಟೆಯಾಗುವ ತನಕ ಸರ್ವಮಂಗಳ ಬೆಂಚು ಬಿಟ್ಟು ಏಳಲಿಲ್ಲ, ಮಕ್ಕಳೇ ಅವಳ ಕಡೆ ತಿರುಗಿ ಕೂತಿದ್ದರು.

ಮನೆಗೆ ಬರುವ ದಾರಿಯಲ್ಲಿ ಅವಳು ಹೆದರಿದ್ದಳು. "ಟೈಮು ಕಮ್ಮಿ ಬೀಳ್ತಿತ್ತಲ್ಲ, ತುಂಬಿಸೋಣ ಅಂತ ಬಾಯಿ ಹಾಕ್ದೆ. ತಪ್ಪಾಯ್ತಾ?" ಅಂದಳು. ನಾನು ಬೆನ್ನು ತಟ್ಟಿದೆ. ತರಗತಿಯಲ್ಲಿ ನಲವತ್ತು ನಿಮಿಷದ ಮೇಲೆ ಪಾಠ ಕೇಳಿಸಿತ್ತು, ನಾನು ಗೆದ್ದೆ ಎಂದುಕೊಂಡಿದ್ದೆ. ಆ ಸಂಜೆ ಕೊಬ್ಬರಿ ಮಿಠಾಯಿ ತಂದು ತಿಂದೆವು.

ಎರಡು ದಿನಕ್ಕೆ ಆದೇಶ ಬಂತು. ತಂದುಕೊಟ್ಟ ಗಂಗಮಾಳಮ್ಮ ನಿಲ್ಲದೆ ಹೋದರು. ಭೂಗೋಳ ವಿಭಾಗದ ಅಧ್ಯಾಪಕರ ಹುದ್ದೆಗೆ ಶ್ರೀಮತಿ ಸರ್ವಮಂಗಳ ಅವರನ್ನು ಕಾಯಂ ಆಗಿ ನೇಮಿಸಿದೆ ಎಂದಿತ್ತು. ನಾನು ಪ್ರಾಂಶುಪಾಲರ ಕೋಣೆಗೆ ಓಡಿದೆ. ತಿಪ್ಪೇರುದ್ರಯ್ಯನವರು ಕುರ್ಚಿ ಎಳೆದುಕೊಟ್ಟರು. "ನಿಮ್ಮದು ಹತ್ತೊಂಬತ್ತು ನಿಮಿಷ ಆಯ್ತು. ನಮ್ಮ ಕಾಲೇಜಲ್ಲಿ ಬಹಳ ಒಳ್ಳೆ ನಂಬರದು. ಅವರದು ಇಪ್ಪತ್ತನಾಲ್ಕು" ಅಂದರು. ಆಕೆಗೆ ಎಂ.ಎ. ಇಲ್ಲ, ಡಾಕ್ಟರೇಟ್ ಇಲ್ಲ ಎಂದೆ. "ನಿಮ್ಮ ಡಾಕ್ಟರೇಟಿನ ಹೆಸರು ಇನ್ನೊಂದ್ಸಲ ಹೇಳ್ರಿ" ಅಂದರು, ವ್ಯಂಗ್ಯವೇನೂ ಇಲ್ಲದೆ. ಆಕೆ ಒಲ್ಲೆ ಅಂದರೆ ಹುದ್ದೆ ನನಗೆ ಬರುತ್ತದೆಯೇ ಎಂದೂ ಕೇಳಿದೆ, ಆ ನಾಚಿಕೆಗೇಡನ್ನೂ ಮಾಡಿದ್ದೇನೆ. ಬರುವುದಿಲ್ಲ, ಮತ್ತೆ ಜಾಹೀರಾತು ಕೊಡಬೇಕಾಗುತ್ತದೆ ಅಂದರು.

ನನಗೆ ಹೊಟ್ಟೆಕಿಚ್ಚಾಯಿತು. ಬರೆಯುವುದರಲ್ಲಿ ಮುಚ್ಚುಮರೆ ಯಾಕೆ. ಹನ್ನೊಂದು ವರ್ಷ ನಾನು ತಟ್ಟಿದ ಬಾಗಿಲು, ಅಂಗಿ ಇಸ್ತ್ರಿ ಮಾಡಿಕೊಟ್ಟವಳಿಗೆ ತೆರೆದುಕೊಂಡಿತ್ತು. ಸರ್ವಮಂಗಳ ಆದೇಶವನ್ನು ಡಬ್ಬಿಯ ಕೆಳಗೆ ಇಟ್ಟು ರೊಟ್ಟಿ ತಟ್ಟುತ್ತ ಕೂತಿದ್ದಳು.

"ನಾನೇನು ಕೇಳ್ಕೊಂಡು ಹೋಗಿರ್ಲಿಲ್ಲ" ಅಂದಳು. "ನೀವು ಬೇಡ ಅಂದ್ರೆ ಬೇಡ."

"ಬೇಡ ಅಂತ ಯಾಕೆ ಅನ್ಲಿ? ನನಗೆ ಬಹಳ ಸಂತೋಷ ಆಗಿದೆ" ಎಂದೆ. ಪಕ್ಕದ ಮನೆಯವರೆಗೂ ಕೇಳಿಸಿರಬೇಕು.

ಅವಳು ರೊಟ್ಟಿ ತಿರುವಿ ಹಾಕಿದಳು. "ಸುಳ್ಳು ಹೇಳುವಾಗ ನಿಮ್ಮ ದನಿ ಎಷ್ಟು ಚೆನ್ನಾಗಿರುತ್ತೆ ನೋಡಿ" ಅಂದಳು. ಸೋಮವಾರ ಕೆಲಸಕ್ಕೆ ಸೇರಿದಳು.

ಮನೆಯಲ್ಲಿ ಉಳಿದ ನಾನು ಅಡುಗೆ ಕಲಿತೆ. ಅನ್ನ ತಳ ಹಿಡಿಯದ ಹಾಗೆ ಮಾಡಲು ಬಂತು, ಸಾರು ಇನ್ನೂ ಅವಳ ಹದಕ್ಕೆ ಬಂದಿಲ್ಲ. ಹಾಲಿನವಳು ದಿನ ಬಿಟ್ಟು ದಿನ "ಸಾರ್, ಎಲ್ಲಾದ್ರೂ ಕೆಲಸ ಸಿಕ್ತಾ?" ಎಂದು ಕೇಳುತ್ತಾಳೆ, ನೋಡ್ತಾ ಇದೀನಿ ಎಂದು ನಗುತ್ತೇನೆ. ಮೊದಮೊದಲು ಸಂಜೆ ಸರ್ವಮಂಗಳ ಬಂದಾಗ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಆಮೇಲಾಮೇಲೆ ನಾಲ್ಕೂವರೆಗೇ ಕಿವಿ ಬೀದಿಯ ಕಡೆ ಹೋಗತೊಡಗಿತು. ಐದಕ್ಕೆ ಚಹಾಕ್ಕೆ ನೀರಿಡುತ್ತಿದ್ದೆ. ಹೆಜ್ಜೆಯ ಸದ್ದಿನಿಂದಲೇ ಇವತ್ತು ಪಾಠ ಹೇಗಾಗಿದೆ ಎಂದು ತಿಳಿಯುವುದನ್ನು ಕಲಿತೆ.

ಕಾರ್ತಿಕದಲ್ಲಿ ಒಂದು ದಿನ ಆರೂವರೆಯಾದರೂ ಅವಳು ಬರಲಿಲ್ಲ. ಮೂರು ಸಲ ಸಾರು ಬಿಸಿ ಮಾಡಿದೆ, ನಾಲ್ಕು ಸಲ ಗೇಟಿಗೆ ಹೋಗಿ ಬಂದೆ. ಕೊನೆಗೆ ಹೆಜ್ಜೆ ಕೇಳಿ ಬಾಗಿಲು ತೆಗೆದೆ. ಮುಖ ಬಾಡಿತ್ತು. ತರಗತಿಯಲ್ಲಿ ಒಂದು ಗಂಟೆ ಪೂರ್ತಿ ದನಿಯೇ ಬರಲಿಲ್ಲವಂತೆ, ಅದು ಆಮೇಲೆ ತಿಳಿದದ್ದು. ಆಗ ಕಂಡದ್ದು ಮುಖ ಮಾತ್ರ. ಏನಾಯಿತು ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಕೇಳಿದರೆ ಅವಳು ಹೇಳಬೇಕಾಗುತ್ತದೆ, ಹೇಳಿದರೆ ಇನ್ನೊಂದು ಸಲ ನೋಯುತ್ತದೆ. ಪ್ರಶ್ನೆ ನುಂಗಿ ಒಳಗೆ ಹೋಗಿ ನೀರು ತಂದೆ. ಲೋಟ ಹಿಡಿದುಕೊಂಡು ಬರುವಾಗ, ನಮ್ಮಿಬ್ಬರಲ್ಲಿ ಇದನ್ನು ಮೊದಲು ಮಾಡಿದವನು ನಾನಲ್ಲ ಎಂದು ಹೊಳೆಯಿತು.

"ನಾನು ಹೀಗೆ ಬಂದಾಗೆಲ್ಲ ನಿನಗೆ ಹೇಗಾಗ್ತಿತ್ತು ಅಂತ ನನಗೆ ಗೊತ್ತು" ಎಂದೆ.

ಹಳೆಯ ಊರಿನಲ್ಲಿ ಈ ಮಾತನ್ನು ಎಷ್ಟೋ ಸಲ ಹೇಳಿದ್ದೆ. ಅಲ್ಲಿ ಏನು ಹೇಳಿದರೂ ಕೇಳಿಸುತ್ತಿತ್ತು. ಇಲ್ಲಿಗೆ ಬಂದ ಮೇಲೆ ಹೇಳುವ ಧೈರ್ಯ ಮಾಡಿರಲಿಲ್ಲ.

ಸರ್ವಮಂಗಳ ಒಂದು ಚಪ್ಪಲಿ ಬಿಟ್ಟು ಇನ್ನೊಂದನ್ನು ಬಿಡದೆ ಹಾಗೇ ನಿಂತಳು. ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಇನ್ನೊಂದ್ಸಲ ಹೇಳಿ" ಅಂದಳು.

ಹೇಳಿದೆ. ಪೂರ್ತಿ ಕೇಳಿಸಿತು.